ಆ ಸಂದು ಏಕೆ ಖಾಲಿಯಿದೆ? ಬೆಂಗಳೂರಿನ ದಟ್ಟಣೆಯಲ್ಲಿ ಬೈಕ್ ಓಡಿಸುವವರಿಗೊಂದು ಮಾರ್ಗದರ್ಶಿ

ಮೈಸೂರು ರಸ್ತೆಯಲ್ಲಿ ಒಂದು ಬೆಳಿಗ್ಗೆ ಬಸ್ಸೊಂದು ತಂಗುದಾಣ ಇನ್ನೂ ಹತ್ತು ಮಾರು ದೂರವಿರುವಾಗಲೇ ರಸ್ತೆಯ ನಡುವೆ ನಿಂತುಬಿಟ್ಟಿತ್ತು. ಅದರ ಬಲಕ್ಕೆ ಕಾರುಗಳ ಸಾಲು ಅಲುಗಾಡುತ್ತಿರಲಿಲ್ಲ. ಎಡಕ್ಕೆ, ಬಸ್ಸಿಗೂ ಪಾದಚಾರಿ ಮಾರ್ಗಕ್ಕೂ ನಡುವೆ, ಎರಡು ಬೈಕ್ ಹಿಡಿಸುವಷ್ಟು ಜಾಗ ಖಾಲಿ ಬಿದ್ದಿತ್ತು. ನುಗ್ಗಿದೆ. ಮುಂದಿನ ಬಾಗಿಲಿನಿಂದ ಶಾಲೆಯ ಹುಡುಗನೊಬ್ಬ ನೇರವಾಗಿ ನನ್ನ ಹ್ಯಾಂಡಲ್ ಮೇಲೆಯೇ ಇಳಿದ. ಅವನ ಚೀಲ ಕಿತ್ತುಹೋಯಿತು, ಊಟದ ಡಬ್ಬಿ ತೆರೆದುಕೊಂಡು ಚಿತ್ರಾನ್ನ ರಸ್ತೆಗೆಲ್ಲ ಚೆಲ್ಲಿತು. ಹುಡುಗನಿಗೆ ಏನೂ ಆಗಲಿಲ್ಲ, ನನಗೆ ಮೊಣಕೈ ತರಚಿತು. ಬಸ್ಸಿನಲ್ಲಿದ್ದವರು ಬೈದದ್ದು ಇಲ್ಲಿ ಬರೆಯುವಂಥದ್ದಲ್ಲ. ಆದರೆ ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ಆ ಜಾಗ ನನಗಾಗಿ ಖಾಲಿ ಇರಲಿಲ್ಲ, ಇಳಿಯುವವರಿಗಾಗಿ ಖಾಲಿ ಇತ್ತು. ಇಷ್ಟು ಕಿಕ್ಕಿರಿದ ಊರಿನಲ್ಲಿ ಎರಡಡಿ ಜಾಗ ಸುಮ್ಮನೆ ಖಾಲಿ ಬಿದ್ದಿರುವುದಿಲ್ಲ. ಯಾರೋ ಬರುವುದಕ್ಕಿದ್ದಾರೆ, ಯಾರೋ ಇಳಿಯುವುದಕ್ಕಿದ್ದಾರೆ, ಅಥವಾ ಅಲ್ಲಿ ಗುಂಡಿಯಿದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಈ ಒಂದು ಪ್ರಶ್ನೆಯಿಂದಲೇ ಹುಟ್ಟಿದ್ದು: ಈ ಸಂದು ಏಕೆ ಖಾಲಿಯಿದೆ?

ಹೊರಡುವ ಮೊದಲು

ಇದಕ್ಕೆ ಎರಡು ನಿಮಿಷ ಸಾಕು. ಮುಂದಿನ ಬ್ರೇಕ್ ಒಮ್ಮೆ, ಹಿಂದಿನದು ಒಮ್ಮೆ ಒತ್ತಿ ನೋಡಿ. ಎರಡರಲ್ಲಿಯೂ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಗೋಡೆಯ ಮೇಲೆ ಬೀಳುವ ಬೆಳಕಿನಲ್ಲಿ ಗೊತ್ತಾಗುತ್ತದೆ. ಟೈರಿನ ಗಾಳಿಯನ್ನು ವಾರಕ್ಕೊಮ್ಮೆ, ಟೈರ್ ಬಿಸಿಯಾಗುವ ಮೊದಲು ನೋಡಿಸಿ. ಕನ್ನಡಿಯಲ್ಲಿ ನಿಮ್ಮ ಭುಜವೇ ತುಂಬಿಕೊಂಡಿದ್ದರೆ ಹೊರಕ್ಕೆ ತಿರುಗಿಸಿ. ಕನ್ನಡಿ ಕಿತ್ತಿಟ್ಟು ಬೈಕ್ ಓಡಿಸುವವರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲೋಣ. ಐಎಸ್ 4151 ಎಂಬ ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇರುವ ಹೆಲ್ಮೆಟ್ ಕೊಳ್ಳಿ. ಆ ಗುರುತಿನ ನಕಲಿ ಚೀಟಿ ಅಂಟಿಸಿದ ಹೆಲ್ಮೆಟ್‌ಗಳೂ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತವೆ. ಒಳಗಿನ ಥರ್ಮಾಕೋಲ್ ಪದರ ತೆಳ್ಳಗಿದ್ದು ಬೆರಳಿಗೆ ಒತ್ತಿದರೆ ತಗ್ಗುವಂತಿದ್ದರೆ ಬಿಟ್ಟು ಬನ್ನಿ. ಹಾಕಿಕೊಂಡು ಪಟ್ಟಿ ಬಿಗಿದ ಮೇಲೆ, ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ಪೊಲೀಸರಿಗೆ ತೋರಿಸಲೆಂದು ಹಾಕುವ ಅರ್ಧ ಟೊಪ್ಪಿಯಂಥ ಹೆಲ್ಮೆಟ್ ದವಡೆಯನ್ನೂ ಕಾಯುವುದಿಲ್ಲ, ಕಿವಿಯ ಹಿಂದಿನ ಭಾಗವನ್ನೂ ಕಾಯುವುದಿಲ್ಲ.

ಬ್ರೇಕ್ ಹಾಕುವುದನ್ನು ಕಲಿಯಿರಿ, ಕಲಿತಿದ್ದೀರಿ ಎಂದುಕೊಂಡಿದ್ದರೂ

ಮೊದಲು ಲೆಕ್ಕ. ಗಂಟೆಗೆ 40 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಅಪಾಯ ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯಿತೆಂದುಕೊಂಡರೆ ಅಲ್ಲಿಗೆ 11 ಮೀಟರ್ ಹೋಯಿತು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೊಂದು ಒಂಬತ್ತು ಮೀಟರ್ ಬೇಕು. ಒಟ್ಟು 20 ಮೀಟರ್. 60 ಕಿ.ಮೀ. ವೇಗದಲ್ಲಿ ಇದೇ ಲೆಕ್ಕ 37 ಮೀಟರಿಗೆ ಹೋಗುತ್ತದೆ. ನಗರದ ದೊಡ್ಡ ಬಸ್ಸಿನ ಉದ್ದ ಸುಮಾರು 12 ಮೀಟರ್. ಅಂದರೆ 40ರಲ್ಲಿ ಎರಡು ಬಸ್ ಉದ್ದದೊಳಗೆ ನಿಲ್ಲುವ ಬೈಕ್ 60ರಲ್ಲಿ ಮೂರು ಬಸ್ ಉದ್ದ ಕೇಳುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು.

ನಮ್ಮಲ್ಲಿ ಎಷ್ಟೋ ಮಂದಿ ಸೈಕಲ್ ಕಾಲದ ಭಯವನ್ನು ಬೈಕಿಗೂ ತಂದಿದ್ದಾರೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತೇವೆ ಎಂಬ ಭಯ. ಅದರಿಂದಾಗಿ ಹಿಂದಿನ ಬ್ರೇಕ್ ಒಂದನ್ನೇ ತುಳಿದು, ಚಕ್ರ ಜಾರಿಸಿ, ಬೀಳುತ್ತಾರೆ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ನೆಲವನ್ನು ಗಟ್ಟಿಯಾಗಿ ಹಿಡಿದಿರುವುದು ಮುಂದಿನ ಚಕ್ರವೇ. ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿದೆ.

ಭಾನುವಾರ ಬೆಳಿಗ್ಗೆ, ಇನ್ನೂ ಮನೆಗಳು ಏಳದ ಹೊಸ ಬಡಾವಣೆಯ ಖಾಲಿ ರಸ್ತೆಗೆ ಹೋಗಿ ಹೀಗೆ ಅಭ್ಯಾಸ ಮಾಡಿ.

1. 20 ಕಿ.ಮೀ. ವೇಗದಲ್ಲಿ ನೇರವಾಗಿ ಬನ್ನಿ. ಹ್ಯಾಂಡಲ್ ನೇರ ಇರಲಿ, ನೋಟ ದೂರದಲ್ಲಿರಲಿ.
2. ಆಕ್ಸಿಲರೇಟರ್ ಬಿಟ್ಟು ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ನಿಂಬೆಹಣ್ಣು ಹಿಂಡುವಂತೆ ಮೊದಲು ಮೆಲ್ಲಗೆ, ಮುಂಭಾಗ ತಗ್ಗಿದ್ದು ಗೊತ್ತಾದ ಮೇಲೆ ಬಲವಾಗಿ ಹಿಂಡಿ. ಕ್ಲಚ್ ಕೊನೆಯಲ್ಲಿ ಹಿಡಿಯಿರಿ.
3. ನಿಂತ ಕೂಡಲೇ ಎಡಗಾಲು ನೆಲಕ್ಕೆ, ಕಣ್ಣು ಕನ್ನಡಿಗೆ. ಹಿಂದಿನವನು ನಿಂತನೇ ಎಂದು ನೋಡುವುದೂ ಬ್ರೇಕ್ ಹಾಕುವುದರ ಭಾಗವೇ.
4. ಹತ್ತು ಬಾರಿ ಸರಿಯಾಗಿ ಬಂದ ಮೇಲೆ 30, ಆಮೇಲೆ 40.

2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಅದು ಕೆಲಸ ಮಾಡುವಾಗ ಬ್ರೇಕ್ ಹಿಡಿ ಬೆರಳಿನಡಿಯಲ್ಲಿ ಟಕಟಕನೆ ಮಿಡಿಯುತ್ತದೆ. ಮೊದಲ ಸಲ ಗಾಬರಿಯಾಗಿ ಕೈ ಬಿಡುವವರಿದ್ದಾರೆ, ಬಿಡಬೇಡಿ. ಚಿಕ್ಕ ಬೈಕ್ ಮತ್ತು ಸ್ಕೂಟರ್‌ಗಳಲ್ಲಿರುವ ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಮುಂದಿನದಕ್ಕೂ ಸ್ವಲ್ಪ ಹಂಚಿಕೆಯಾಗುತ್ತದೆ, ಅಷ್ಟೇ. ಬಲಗೈ ತನ್ನ ಕೆಲಸ ಮಾಡಲೇಬೇಕು.

ಸಂತೆಯಂಥ ರಸ್ತೆಯಲ್ಲಿ ಹೋಗುವಾಗ ಎರಡು ಬೆರಳು ಯಾವಾಗಲೂ ಮುಂದಿನ ಬ್ರೇಕಿನ ಮೇಲಿರಲಿ, ಒತ್ತದೆ. ಅರ್ಧ ಸೆಕೆಂಡ್ ಉಳಿದರೂ 40ರಲ್ಲಿ ಅದು ಐದೂವರೆ ಮೀಟರ್, ಒಂದು ಕಾರಿನ ಉದ್ದಕ್ಕಿಂತ ಹೆಚ್ಚು.

ಸಂದಿನಲ್ಲಿ ನುಸುಳುವಾಗ

ಸಾಲುಗಳ ನಡುವೆ ನುಸುಳಲೇಬೇಡಿ ಎಂದು ಬರೆದರೆ ನೀವು ಇಲ್ಲಿಗೇ ಓದುವುದನ್ನು ನಿಲ್ಲಿಸುತ್ತೀರಿ; ನಾನೂ ನುಸುಳುತ್ತೇನೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಏಳಕ್ಕೆ ಕಾರಿನ ಹಿಂದೆ ಶಿಸ್ತಾಗಿ ನಿಂತ ಬೈಕನ್ನು ನಾನು ಈವರೆಗೆ ಕಂಡಿಲ್ಲ. ಆದರೆ ನುಸುಳುವುದಕ್ಕೂ ಒಂದು ಮಿತಿಯಿದೆ. ಸುತ್ತಲಿನ ವಾಹನಗಳು ನಿಂತಿದ್ದರೆ ನಿಮ್ಮ ವೇಗ 15ನ್ನು ದಾಟದಿರಲಿ. ಅವು 30ಕ್ಕಿಂತ ವೇಗವಾಗಿ ಚಲಿಸುತ್ತಿದ್ದರೆ ನುಸುಳುವುದನ್ನು ಬಿಟ್ಟು ಒಂದು ಸಾಲಿನಲ್ಲಿ ಸೇರಿಕೊಳ್ಳಿ. ಎರಡೂ ಕಡೆ ಬಸ್ಸೋ ಲಾರಿಯೋ ಇದ್ದರೆ ನಡುವೆ ಹೋಗಲೇಬೇಡಿ. ಅದು ಸಂದಲ್ಲ, ಗಾಣ.

*ಮರ್ಯಾದೆಯ ಸಂದು.* ನಿಂತ ಕಾರುಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಕಾರಿನುದ್ದ ಜಾಗ ಬಿಟ್ಟಿದ್ದರೆ ಅಲ್ಲೇ ನಿಧಾನಿಸಿ. ಅಲ್ಲಿ ಅಡ್ಡರಸ್ತೆಯಿದೆ, ಅಥವಾ ವಿಭಜಕದಲ್ಲಿ ತಿರುವಿದೆ. ಯಾರೋ ಒಳ್ಳೆಯವರು ಕೈ ಬೀಸಿ ‘ನೀವು ಹೋಗಿ’ ಎಂದು ಇನ್ನೊಂದು ವಾಹನಕ್ಕೆ ದಾರಿ ಬಿಟ್ಟಿದ್ದಾರೆ. ಆ ವಾಹನದವನು ಕೈ ಬೀಸಿದವರಿಗೆ ಧನ್ಯವಾದ ಹೇಳುತ್ತಾ ಹೊರಬರುತ್ತಾನೆ. ಸಾಲಿನ ಪಕ್ಕದಲ್ಲಿ ನೀವು ಬರುತ್ತಿರುವುದು ಅವನಿಗೆ ಕಾಣುವ ದಾರಿಯೇ ಇಲ್ಲ. ಆ ಖಾಲಿ ಜಾಗದ ಅಂಚಿಗೆ ಬಂದಾಗ ಕಾಲು ನೆಲಕ್ಕೆ ಊರುವಷ್ಟು ನಿಧಾನಿಸಿ, ಬಗ್ಗಿ ನೋಡಿ, ಆಮೇಲೆ ದಾಟಿ. ಪಾದಚಾರಿಗಳೂ ಇಂಥ ಕಡೆಯೇ ದಾಟುತ್ತಾರೆ, ಅದೂ ಮೊಬೈಲ್ ನೋಡುತ್ತಾ.

*ಬಸ್ಸಿನ ಎಡ.* ಚಿತ್ರಾನ್ನದ ಕತೆ ಹೇಳಿಯಾಯಿತು. ಬಾಗಿಲು ತೆರೆದಿರಲಿ ಮುಚ್ಚಿರಲಿ, ನಿಂತ ಬಸ್ಸಿನ ಎಡಕ್ಕೆ ಹೋಗಬೇಡಿ. ಬಲಕ್ಕೆ ಹೋಗುವಾಗಲೂ ಬಸ್ಸಿನ ಮೂತಿ ದಾಟುವ ಮೊದಲು ನಿಧಾನಿಸಿ. ಬಸ್ಸಿನಿಂದ ಇಳಿದವರು ಅದರ ಮುಂದಿನಿಂದಲೇ ರಸ್ತೆ ದಾಟಲು ಬರುತ್ತಾರೆ. ಚಾಲಕನಿಗೆ ಅವರು ಕಾಣುತ್ತಾರೆ, ನಿಮಗೆ ಕಾಣುವುದಿಲ್ಲ.

*ಎಡಕ್ಕೆ ತಿರುಗುವ ಉದ್ದ ವಾಹನ.* ಇದು ಎಲ್ಲಕ್ಕಿಂತ ಕ್ರೂರವಾದದ್ದು. ಟಿಪ್ಪರ್, ನೀರಿನ ಟ್ಯಾಂಕರ್, ಕಾಂಕ್ರೀಟ್ ಲಾರಿ, ಬಸ್ ಇವೆಲ್ಲ ಎಡಕ್ಕೆ ತಿರುಗುವ ಮೊದಲು ಸ್ವಲ್ಪ ಬಲಕ್ಕೆ ಸರಿಯುತ್ತವೆ. ಆಗ ಎಡದಲ್ಲಿ ಸೊಗಸಾದ ಜಾಗ ತೆರೆದುಕೊಳ್ಳುತ್ತದೆ. ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತವೆ, ಮೂಲೆಯ ಕಲ್ಲನ್ನು ಸವರಿಕೊಂಡು. ಆ ಹೊತ್ತಿಗೆ ನೀವು ಅಲ್ಲಿದ್ದರೆ ಹೊರಬರುವ ದಾರಿಯಿಲ್ಲ. ಒಂದೇ ಪರೀಕ್ಷೆ: ಅವನ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣುತ್ತದೆಯೇ? ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಸಿಗ್ನಲ್‌ನಲ್ಲಿ ಲಾರಿಯ ಮೂತಿಗೆ ಅಂಟಿಕೊಂಡು ನಿಲ್ಲುವುದೂ ಅಷ್ಟೇ ಕೆಟ್ಟದ್ದು. ಎತ್ತರದ ಆಸನದಿಂದ ತನ್ನ ಬಂಪರಿನ ಕೆಳಗಿರುವುದು ಅವನಿಗೆ ಕಾಣುವುದಿಲ್ಲ. ಹಿಂದೆ ಉಳಿಯಿರಿ, ಇಲ್ಲವೇ ಅವನಿಗೆ ಪೂರ್ತಿ ಕಾಣುವಷ್ಟು ಮುಂದೆ ಹೋಗಿ.

ಆಟೊ, ಕ್ಯಾಬ್, ಬಾಗಿಲು

ಆಟೊ ಚಾಲಕರನ್ನು ಬೈಯುವುದು ಸುಲಭ, ಓದಿಕೊಳ್ಳುವುದು ಇನ್ನೂ ಸುಲಭ. ಇಂಡಿಕೇಟರ್ ಹಾಕದಿದ್ದರೂ ಅವರು ಬೇರೆ ಬಗೆಯಲ್ಲಿ ಹೇಳುತ್ತಲೇ ಇರುತ್ತಾರೆ: ಹೊರಗೆ ಚಾಚಿದ ಅಂಗೈ, ಕೆಲವೊಮ್ಮೆ ಪಾದ, ಪಾದಚಾರಿ ಮಾರ್ಗದ ಕಡೆಗೆ ತಿರುಗಿದ ತಲೆ. ಅವರಿಗಿಂತ ಮೊದಲು ನೀವೇ ಪಾದಚಾರಿ ಮಾರ್ಗವನ್ನು ನೋಡುತ್ತಿರಿ. ಅಲ್ಲಿ ಯಾರಾದರೂ ಕೈ ಎತ್ತಿದರೆ, ನಿಮ್ಮ ಮುಂದಿನ ಖಾಲಿ ಆಟೊ ಇನ್ನೆರಡು ಸೆಕೆಂಡಿನಲ್ಲಿ ಎಡಕ್ಕೆ ಬೀಳುತ್ತದೆ ಎಂದೇ ತಿಳಿಯಿರಿ.

ನಿಂತ ಕಾರಿನ ಪಕ್ಕ ಹೋಗುವಾಗ ಬಾಗಿಲಿನಷ್ಟು ಅಂತರ ಬಿಡಿ, ಅಂದರೆ ಒಂದು ಮೀಟರಿಗೆ ಕಡಿಮೆಯಿಲ್ಲದಂತೆ. ಅಷ್ಟು ಜಾಗವಿಲ್ಲದಿದ್ದರೆ ನಡೆಯುವ ವೇಗಕ್ಕೆ ಇಳಿಯಿರಿ. ಒಳಗೆ ತಲೆ ಕಾಣುತ್ತಿದೆಯೇ? ಬ್ರೇಕ್ ದೀಪ ಈಗ ತಾನೇ ಆರಿತೇ? ಕ್ಯಾಬ್ ಆಗಿದ್ದರೆ ಎರಡೂ ಬದಿಯಿಂದ ಅಪಾಯ. ಸಿಗ್ನಲ್‌ನಲ್ಲಿ ನಿಂತಿರುವಾಗಲೇ ತಡವಾಯಿತೆಂದು ಇಳಿದು ಓಡುವ ಪ್ರಯಾಣಿಕರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ನಿಂತ ಕಾರು ಹೊರಡುತ್ತದೆಯೇ ಎಂದು ತಿಳಿಯಲು ಅದರ ಮುಂದಿನ ಚಕ್ರ ನೋಡಿ. ಚಾಲಕ ನಿಮ್ಮನ್ನೇ ದಿಟ್ಟಿಸುತ್ತಿದ್ದರೂ ಅವನ ಮನಸ್ಸು ಎಲ್ಲಿಯೋ ಇರಬಹುದು. ಚಕ್ರ ಹೊರಳಿದರೆ ಕಾರು ಹೊರಳುತ್ತದೆ.

ಸಿಗ್ನಲ್ ಮತ್ತು ತಿರುವು

ಹಸಿರಿಗೆ ಇನ್ನೂ ಮೂರು ಸೆಕೆಂಡ್ ಇರುವಾಗಲೇ ನಮ್ಮ ಬೈಕ್‌ಗಳು ಜಿಗಿಯುತ್ತವೆ. ಅದೇ ಮೂರು ಸೆಕೆಂಡಿನಲ್ಲಿ ಅಡ್ಡರಸ್ತೆಯವನು ಕೆಂಪು ಬಿದ್ದ ಮೇಲೂ ನುಗ್ಗುತ್ತಿರುತ್ತಾನೆ. ಇಬ್ಬರಿಗೂ ತಾವು ಸರಿ ಎಂದೇ ಅನಿಸುತ್ತದೆ. ಹಸಿರು ಬಿದ್ದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ. ಮೊದಲು ಬಲಕ್ಕೆ ನೋಡಿ, ಏಕೆಂದರೆ ಮೊದಲು ಎದುರಾಗುವುದು ಅಲ್ಲಿಂದ ಬರುವವನು. ಆಮೇಲೆ ಎಡಕ್ಕೆ. ಸಾಧ್ಯವಾದರೆ ನಿಮ್ಮ ಬಲಕ್ಕಿರುವ ಕಾರಿನೊಂದಿಗೆ ಸಮಸಮವಾಗಿ ದಾಟಿ. ಅದು ನಿಮಗೆ ಗೋಡೆಯಾಗುತ್ತದೆ. ಹಿಂದಿನಿಂದ ಹಾರ್ನ್ ಕೇಳುತ್ತದೆ. ಕೇಳಲಿ.

ನಿಲ್ಲುವಾಗಿನ ಅಪಾಯ ಹಿಂದಿನಿಂದ ಬರುತ್ತದೆ. ಹಳದಿ ಬಿದ್ದಾಗ ಕನ್ನಡಿ ನೋಡದೆ ಬ್ರೇಕ್ ಹಾಕಬೇಡಿ. ನಿಮ್ಮ ಬೆನ್ನಿಗೆ ಟಿಪ್ಪರ್ ಇದ್ದು, ಅದು ನಿಲ್ಲುವ ಲಕ್ಷಣವಿಲ್ಲದಿದ್ದರೆ, ಬದಿಗೆ ಸರಿದು ಜಾಗ ಬಿಡಿ. ನಿಂತ ಮೇಲೂ, ಹಿಂದೆ ಎರಡು ಮೂರು ವಾಹನ ಬಂದು ನಿಲ್ಲುವವರೆಗೆ ಗೇರ್ ಬಿಡಬೇಡಿ. ಬ್ರೇಕ್ ದೀಪವನ್ನು ಎರಡು ಬಾರಿ ಮಿನುಗಿಸಿ.

ಹೊರವರ್ತುಲ ರಸ್ತೆಯಂಥ ಕಡೆ ಎದುರಿನಿಂದ ಬಂದವನು ನಿಮ್ಮ ಮುಂದೆಯೇ ಬಲಕ್ಕೆ ತಿರುಗುವುದು, ಅಥವಾ ವಿಭಜಕದ ಸಂದಿನಲ್ಲಿ ಯು-ತಿರುವು ಹಾಕುವುದು ನಿತ್ಯದ ಮಾತು. ಕೇಳಿದರೆ ‘ಕಾಣಲೇ ಇಲ್ಲ’ ಎನ್ನುತ್ತಾರೆ. ಅದು ಎಷ್ಟೋ ಸಲ ನಿಜವೂ ಹೌದು. ನೇರವಾಗಿ ಎದುರು ಬರುವ ಬೈಕ್ ದೂರದಿಂದ ಒಂದೇ ಕಡೆ ನಿಂತ ಚುಕ್ಕೆಯಂತೆ ಕಾಣುತ್ತದೆ, ಹತ್ತಿರ ಬರುವವರೆಗೆ ಅದರ ವೇಗ ತಿಳಿಯುವುದಿಲ್ಲ. 2017ರಿಂದ ಹೊಸ ಬೈಕ್‌ಗಳ ದೀಪ ಹಗಲಿನಲ್ಲಿಯೂ ಉರಿಯುತ್ತಿರುವುದು ಇದಕ್ಕಾಗಿಯೇ. ನೀವು ಇನ್ನೊಂದು ಕೆಲಸ ಮಾಡಬಹುದು: ಅಂಥ ತಿರುವು ಕಂಡ ಕೂಡಲೇ ವೇಗ ಇಳಿಸಿ, ನಿಮ್ಮ ಸಾಲಿನೊಳಗೇ ಎಡಕ್ಕೋ ಬಲಕ್ಕೋ ಎರಡಡಿ ಸರಿಯಿರಿ. ಅಡ್ಡಕ್ಕೆ ಅಲುಗಿದ್ದನ್ನು ಕಣ್ಣು ಬೇಗ ಹಿಡಿಯುತ್ತದೆ.

ವಿರುದ್ಧ ದಿಕ್ಕಿನಲ್ಲಿ ಬರುವವರು ಸಾಮಾನ್ಯವಾಗಿ ರಸ್ತೆಯ ಅಂಚನ್ನೇ ಹಿಡಿದು ಬರುತ್ತಾರೆ. ಸರ್ವಿಸ್ ರಸ್ತೆಯಿಂದ ಎಡಕ್ಕೆ ಮುಖ್ಯರಸ್ತೆ ಸೇರುವಾಗ ಎಲ್ಲರ ಕಣ್ಣೂ ಬಲಕ್ಕಿರುತ್ತದೆ. ಹೊರಡುವ ಮುನ್ನ ಒಮ್ಮೆ ಎಡಕ್ಕೂ ನೋಡಿ.

ನೆಲ ನೋಡುವುದು

ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದ ಹತ್ತು ಹದಿನೈದು ನಿಮಿಷ ರಸ್ತೆ ಅತಿ ಹೆಚ್ಚು ಜಾರುತ್ತದೆ. ತಿಂಗಳುಗಟ್ಟಲೆ ಕುಡಿದ ಎಣ್ಣೆ, ಧೂಳು ಎಲ್ಲವೂ ಮೇಲೆ ತೇಲುತ್ತವೆ. ಆ ಹೊತ್ತು ಎಲ್ಲಾದರೂ ನಿಂತು ಕಾಫಿ ಕುಡಿಯುವುದೇ ಲೇಸು. ಆದರೆ ಮೇಲ್ಸೇತುವೆಯ ಕೆಳಗೆ ರಸ್ತೆಯ ಮೇಲೆಯೇ ಗುಂಪು ನಿಲ್ಲುತ್ತದಲ್ಲ, ಅಲ್ಲಿ ಬೇಡ. ಮಳೆಯಿಂದ ತಪ್ಪಿಸಿಕೊಂಡವರಿಗೆ ಅಲ್ಲಿ ಹಿಂದಿನಿಂದ ಕಾರು ಗುದ್ದುತ್ತದೆ.

ಮಳೆ ಇಲ್ಲದೆಯೂ ಈ ಊರಿನ ನೆಲ ಜಾರುತ್ತದೆ. ಹೊಂಗೆ ಮರದ ಕೆಳಗೆ ಉದುರಿದ ಹೂವಿನ ರಾಶಿ ನೋಡಲು ಚೆಂದ, ಚಕ್ರದಡಿಯಲ್ಲಿ ಸಾಬೂನು. ಆಯುಧಪೂಜೆಯ ರಾತ್ರಿ ಮತ್ತು ಮರುದಿನ ರಸ್ತೆಯುದ್ದಕ್ಕೂ ಒಡೆದ ಬೂದುಗುಂಬಳ; ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿಗಳ ಮುಂದೆಯೂ ಅದೇ. ದೃಷ್ಟಿ ತೆಗೆಯುವವರು ಒಡೆದದ್ದನ್ನು ಬದಿಗೆ ಸರಿಸುವ ಕೃಪೆಯನ್ನೂ ಮಾಡಬಹುದಿತ್ತು. ಮೆಟ್ರೊ ಕಾಮಗಾರಿಯ ಕಬ್ಬಿಣದ ತಗಡು, ಮ್ಯಾನ್‌ಹೋಲ್ ಮುಚ್ಚಳ, ಜೀಬ್ರಾ ಪಟ್ಟಿಯ ಬಿಳಿ ಬಣ್ಣ ಇವು ಒದ್ದೆಯಾದಾಗ ಗಾಜು. ತಿರುವಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಅದು ಚೆಲ್ಲಿದ ಡೀಸೆಲ್. ಇವುಗಳ ಮೇಲೆ ಹೋಗಲೇಬೇಕಾದರೆ ಬೈಕ್ ನೆಟ್ಟಗಿರಲಿ: ಬ್ರೇಕ್ ಬೇಡ, ಆಕ್ಸಿಲರೇಟರ್ ಹೆಚ್ಚಿಸುವುದು ಬೇಡ, ವಾಲಿಸುವುದು ಬೇಡ. ವೇಗ ಇಳಿಸುವ ಕೆಲಸ ಅದಕ್ಕೆ ಮೊದಲೇ ಮುಗಿದಿರಬೇಕು.

ಗುಂಡಿ ಕಂಡಾಗ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಎಳೆಯುವುದು ಗುಂಡಿಗಿಂತ ಅಪಾಯ. ಅಲ್ಲಿ ಬಸ್ ಬರುತ್ತಿರುತ್ತದೆ. ತಪ್ಪಿಸಲಾಗದಿದ್ದರೆ ನೇರವಾಗಿ ಬ್ರೇಕ್ ಹಾಕಿ, ಚಕ್ರ ಗುಂಡಿಗಿಳಿಯುವ ಮುನ್ನ ಬ್ರೇಕ್ ಬಿಟ್ಟು, ಕಾಲಿಡುವ ಫುಟ್‌ರೆಸ್ಟ್ ಮೇಲೆ ಅರ್ಧ ಎದ್ದು, ಮೊಣಕೈ ಸಡಿಲ ಬಿಟ್ಟು ದಾಟಿ. ಗುಂಡಿಯನ್ನೇ ದಿಟ್ಟಿಸಿದರೆ ಬೈಕ್ ಅಲ್ಲಿಗೇ ಹೋಗುತ್ತದೆ, ಹೋಗಬೇಕಾದ ಕಡೆ ನೋಡಿ.

ಕಾಂಕ್ರೀಟ್ ಹಾಕಿದ ರಸ್ತೆಗೂ ಹಳೆಯ ಡಾಂಬರಿಗೂ ನಡುವೆ ನಾಲ್ಕೈದು ಬೆರಳಿನ ಅಂಚು ಇರುವ ಕಡೆಗಳಿವೆ. ಅದಕ್ಕೆ ಸಮಾನಾಂತರವಾಗಿ ಉಜ್ಜಿಕೊಂಡು ಹತ್ತಿದರೆ ಬೀಳುವುದು ಖಚಿತ. ನಿಧಾನಿಸಿ, ಆದಷ್ಟು ಅಡ್ಡ ಕೋನದಲ್ಲಿ ಹತ್ತಿಸಿ. ಮೇಲ್ಸೇತುವೆಯ ಕಬ್ಬಿಣದ ಜೋಡಣೆಗಳಿಗೂ ಇದೇ ಮಾತು.

ನಿಂತ ನೀರಿನಲ್ಲಿ ಮುಂದಿನ ಕಾರಿನ ಚಕ್ರದ ಜಾಡಿನಲ್ಲಿಯೇ ಹೋಗಿ. ಎಡ ಅಂಚು ಬೇಡ, ಚರಂಡಿಯ ಚಪ್ಪಡಿ ಕಿತ್ತುಹೋಗಿರಬಹುದು. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು, ಅದೂ ವಿಧಾನಸೌಧದ ಕೂಗಳತೆಯಲ್ಲಿ.

ಕಣ್ಣಿನ ಮಟ್ಟದಲ್ಲಿಯೂ ಅಪಾಯವಿದೆ. ಮರದಿಂದ ಜೋತುಬಿದ್ದ ಕೇಬಲ್, ಆಷಾಢದ ಗಾಳಿಪಟದ ಕಾಲದಲ್ಲಿ ನಿಷೇಧವಿದ್ದರೂ ಮಾರಾಟವಾಗುವ ಮಾಂಜಾ ದಾರ. ಆ ದಿನಗಳಲ್ಲಿ ಹೆಲ್ಮೆಟ್ ಗಾಜು ಇಳಿಸಿ, ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿ, ಮೇಲ್ಸೇತುವೆಯಲ್ಲಿ ನಿಧಾನವಾಗಿ ಹೋಗಿ.

ಹಿಂದೆ ಕುಳಿತವರು

ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಲ್ಲಿಯೇ ಜಾರಿಗೆ ತಂದರು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ಆಗ ವೇಗ 40 ಮೀರಬಾರದು. ಇದು 2023ರ ಫೆಬ್ರವರಿಯಿಂದ ನಿಯಮ. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿದರೆ, ಬ್ರೇಕ್ ಹಾಕಿದಾಗ ನಿಮ್ಮ ಎದೆಗೂ ಹ್ಯಾಂಡಲ್‌ಗೂ ನಡುವೆ ಸಿಕ್ಕುವುದು ಅದೇ.

ಸೀರೆಯ ಸೆರಗು, ದುಪಟ್ಟಾ ಇವುಗಳನ್ನು ಹೊರಡುವ ಮೊದಲೇ ಸುತ್ತಿ ಗಂಟು ಹಾಕಿಸಿ. ಅಂದಕ್ಕೆಂದು ಸೀರೆ ಗಾರ್ಡ್ ಕಿತ್ತುಹಾಕಿದವರ ಬೈಕಿನಲ್ಲಿ ಅಮ್ಮನನ್ನು ಕೂರಿಸಬೇಡಿ. ಮತ್ತೆ, ಇಬ್ಬರಿದ್ದಾಗ ಬೈಕ್ ನಿಲ್ಲಲು ಹೆಚ್ಚು ದೂರ ಬೇಕು, ಒಬ್ಬರೇ ನುಸುಳುತ್ತಿದ್ದ ಸಂದಿನಲ್ಲಿ ಈಗ ಎರಡು ಮೊಣಕಾಲು ಹೆಚ್ಚಿವೆ.

ಬಿದ್ದರೆ

ಬೀಳುವಾಗ ಬೈಕನ್ನು ಹಿಡಿದುಕೊಳ್ಳಬೇಡಿ, ಬಿಟ್ಟುಬಿಡಿ. ಬಿದ್ದ ಮೇಲೆ ಎದ್ದು ನಿಲ್ಲುವುದಾದರೆ ಮೊದಲು ರಸ್ತೆಯಿಂದ ಆಚೆ ಹೋಗಿ. ಬೈಕ್ ಎತ್ತಲು ಬಗ್ಗಿದವರಿಗೆ ಹಿಂದಿನಿಂದ ಗುದ್ದಿದ ಉದಾಹರಣೆಗಳಿವೆ. ಏನೂ ಆಗಿಲ್ಲವೆಂದು ಅನಿಸಿದರೂ ಹತ್ತು ನಿಮಿಷ ಕೂತು ನೀರು ಕುಡಿದ ಮೇಲೆಯೇ ಮತ್ತೆ ಬೈಕ್ ಹತ್ತಿ.

ಬೇರೆಯವರು ಬಿದ್ದಿದ್ದರೆ, ಸಂಚಾರವನ್ನು ತಡೆದು, 108ಕ್ಕೋ 112ಕ್ಕೋ ಕರೆ ಮಾಡಿ. ಪ್ರಜ್ಞೆಯಿಲ್ಲದವರಿಗೆ ನೀರು ಕುಡಿಸಬೇಡಿ. ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಪೊಲೀಸ್ ಠಾಣೆ, ಕೋರ್ಟು ಎಂದು ಹೆದರಿ ಸುತ್ತ ನಿಂತು ನೋಡುವ ಕಾಲ ಮುಗಿದಿದೆ: 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಸೆಕ್ಷನ್ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಗೀರು ಕಾಣದಿದ್ದರೂ ಒಳಗೆ ಕುಸಿದಿರುತ್ತದೆ, ಮತ್ತೆ ಬಳಸಬೇಡಿ. ಕಸಕ್ಕೆ ಹಾಕುವ ಮೊದಲು ಪಟ್ಟಿಯನ್ನು ಕತ್ತರಿಯಿಂದ ತುಂಡು ಮಾಡಿ. ಇಲ್ಲದಿದ್ದರೆ ಯಾರೋ ಅದನ್ನು ತೊಳೆದು, ಒರೆಸಿ, ಇನ್ನೊಬ್ಬರ ತಲೆಗೆ ಮಾರುತ್ತಾರೆ.